ಸಬ್ಬಸಿಗೆ ಹಾಕಿದ ಲಾವೋಸ್ ಕೋಳಿ, ಮನೆಯಲ್ಲೇ
ಲಾವೋಸಿನ ಲುವಾಂಗ್ ಪ್ರಬಾಂಗ್ ಕಡೆಯ 'ಓ ಲಾಮ್' ಅನ್ನೋ ಗಟ್ಟಿ ಸಾರನ್ನು ಬೆಂಗಳೂರಲ್ಲಿ ಆರಾಮಾಗಿ ಮಾಡಬಹುದು, ಯಾಕಂದ್ರೆ ಅದಕ್ಕೆ ಘಮ ಕೊಡೋದು ನಮ್ಮ ಸಬ್ಬಸಿಗೆ ಸೊಪ್ಪೇ. ನಿಂಬೆಹುಲ್ಲು ರಸೆಲ್ ಮಾರ್ಕೆಟ್ಟಲ್ಲಿ ಸಿಗುತ್ತೆ.

ಎರಡು ಚಮಚ ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿಡಿ. ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ನಿಂಬೆಹುಲ್ಲಿನ ಬುಡ ಜಜ್ಜಿ, ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ. ಮೂಳೆ ಸಮೇತ ಅರ್ಧ ಕೆಜಿ ಕೋಳಿ ಹಾಕಿ, ಮುಳುಗುವಷ್ಟು ನೀರು, ಒಂದು ಚಮಚ ಫಿಶ್ ಸಾಸ್. ಅಲ್ಲಿಯವರು ಸಖಾನ್ ಅನ್ನೋ ಖಾರದ ಬಳ್ಳಿಯ ತುಂಡು ಹಾಕ್ತಾರೆ, ಅದು ಮೆಣಸಿನ ಜಾತಿಯದೇ, ಹಾಗಾಗಿ ಜಜ್ಜಿದ ಕಾಳುಮೆಣಸು ಸಾಕು.

ಜೊತೆಗೆ ನಾಲ್ಕು ಬದನೆಕಾಯಿ ಇಡಿಯಾಗಿ ಬೇಯಿಸಿ. ಮೆತ್ತಗಾದ ಮೇಲೆ ತೆಗೆದು, ತೊಟ್ಟು ಕಿತ್ತು, ಕುಟ್ಟಿ ಮತ್ತೆ ಸಾರಿಗೇ ಸೇರಿಸಿ. ಈ ಕೆಲಸ ಬಿಡಲೇಬೇಡಿ, ಸಾರಿಗೆ ಮೈ ಬರೋದು ಇದರಿಂದಲೇ. ಆಮೇಲೆ ಅಲಸಂದೆಕಾಯಿ, ರುಬ್ಬಿಟ್ಟ ಅಕ್ಕಿ ಹಾಕಿ. ತಳ ಹಿಡಿಯದಂತೆ ಕೈಯಾಡಿಸ್ತಾ ಸಣ್ಣ ಉರಿಯಲ್ಲಿ ಹತ್ತು ನಿಮಿಷ.

ಸಬ್ಬಸಿಗೆ ಕೊನೆಗೇ ಹಾಕಿ, ಒಂದು ಹಿಡಿ, ಒಲೆ ಆರಿಸಿದ ಮೇಲೆ. ಕುದಿಸಿದರೆ ಘಮ ಹೋಗುತ್ತೆ. ಅಂಟು ಅಕ್ಕಿ ಅನ್ನ ಇಲ್ಲದಿದ್ರೆ ಬಿಸಿ ಸೋನಾ ಮಸೂರಿ ಅನ್ನಕ್ಕೂ ಚೆನ್ನಾಗಿರುತ್ತೆ.