ಹೊಲದಿಂದ ಕೊಟ್ಟಿಗೆಯವರೆಗೆ: ಪೊಟ್ಯಾಸಿಯಂ ಲೆಕ್ಕ ಇಡುವ ಬಗೆ

ಸಾರಜನಕ ಕೊಟ್ಟ ಕೆಲವೇ ದಿನಗಳಲ್ಲಿ ಪೈರು ಹಸಿರೇರುತ್ತದೆ. ಪೊಟ್ಯಾಸಿಯಂ ಕೊಟ್ಟಾಗ ಕಣ್ಣಿಗೆ ಕಾಣುವಂಥದ್ದೇನೂ ಆಗುವುದಿಲ್ಲ. ಅದರ ಫಲ ಕಾಳಿನ ತೂಕದಲ್ಲಿ, ಕಾಂಡದ ಗಟ್ಟಿತನದಲ್ಲಿ, ನೀರು ಕಡಿಮೆಯಾದಾಗ ಪೈರು ತಡೆದುಕೊಳ್ಳುವ ಶಕ್ತಿಯಲ್ಲಿ ತಡವಾಗಿ ತಿಳಿಯುತ್ತದೆ. ಆದ್ದರಿಂದಲೇ ಕೆಲವರು ಅದನ್ನು ಕೊಡುವುದನ್ನೇ ಬಿಡುತ್ತಾರೆ, ಇನ್ನು ಕೆಲವರು ಪ್ರತಿ ವರ್ಷ ಅಳತೆಯಿಲ್ಲದೆ ಒಂದೆರಡು ಚೀಲ ಎರಚಿ ಸುಮ್ಮನಾಗುತ್ತಾರೆ. ಇವೆರಡಕ್ಕಿಂತ ಸರಿಯಾದ ದಾರಿಯೆಂದರೆ, ಮಣ್ಣಿನಲ್ಲಿ ಎಷ್ಟಿದೆ, ಬೆಳೆಯ ಜೊತೆ ಎಷ್ಟು ಹೊರಹೋಗುತ್ತಿದೆ, ಮೇವಿನ ಮೂಲಕ ದನದ ಹೊಟ್ಟೆ ಸೇರಿದ್ದು ಮತ್ತೆ ಹೊಲಕ್ಕೆ ಬರುತ್ತಿದೆಯೇ ಎಂಬ ಲೆಕ್ಕವನ್ನು ಮೊದಲು ಹಿಡಿಯುವುದು. ಗೊಬ್ಬರದ ಚೀಲದ ಮಾತು ಬರಬೇಕಾದದ್ದು ಆಮೇಲೆ.

ಈ ಲೆಕ್ಕ ಹಿಡಿಯಲು ಗಿಡದೊಳಗೆ ಪೊಟ್ಯಾಸಿಯಂ ಹೇಗಿರುತ್ತದೆ ಎಂಬುದನ್ನು ತಿಳಿದಿರಬೇಕು. ಸಾರಜನಕವು ಪ್ರೋಟೀನಿನ ಭಾಗವಾಗುತ್ತದೆ, ರಂಜಕವು ವಂಶವಾಹಿಯ ಭಾಗವಾಗುತ್ತದೆ. ಪೊಟ್ಯಾಸಿಯಂ ಮಾತ್ರ ಯಾವ ಕಟ್ಟಡಕ್ಕೂ ಸೇರದೆ ಜೀವಕೋಶದ ರಸದಲ್ಲಿ ಕರಗಿದ ಅಯಾನಾಗಿಯೇ ಉಳಿಯುತ್ತದೆ. ಗಿಡದ ಒಣ ತೂಕದಲ್ಲಿ ಸಾಮಾನ್ಯವಾಗಿ ಶೇ. 1ರಿಂದ 5ರಷ್ಟು ಇರುವ ಈ ಧಾತು ಅರವತ್ತಕ್ಕೂ ಹೆಚ್ಚು ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಎಲೆಯ ಪತ್ರರಂಧ್ರಗಳ ಕಾವಲು ಕೋಶಗಳಿಗೆ ಪೊಟ್ಯಾಸಿಯಂ ನುಗ್ಗಿದಾಗ ಅದರ ಹಿಂದೆ ನೀರೂ ನುಗ್ಗಿ, ಕೋಶಗಳು ಉಬ್ಬಿ ರಂಧ್ರ ತೆರೆಯುತ್ತದೆ. ಅದು ಹೊರಬಂದಾಗ ರಂಧ್ರ ಮುಚ್ಚುತ್ತದೆ. ಕೊರತೆಯಿರುವ ಗಿಡಕ್ಕೆ ಈ ಹಿಡಿತ ತಪ್ಪುವುದರಿಂದ ಪಕ್ಕದ ಗಿಡಗಳು ಚೆನ್ನಾಗಿರುವಾಗಲೂ ಅದು ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕಾಳು, ಗೆಡ್ಡೆ, ಹಣ್ಣುಗಳಿಗೆ ಸಾಗಿಸಲೂ ಇದು ಬೇಕು. ಆಲೂಗಡ್ಡೆ, ಬಾಳೆ, ಕಬ್ಬಿನಂತಹ ಬೆಳೆಗಳು ಇದನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಹೀರುವುದಕ್ಕೆ ಇದೂ ಒಂದು ಕಾರಣ. ಯಾವುದಕ್ಕೂ ಅಂಟಿಕೊಳ್ಳದೆ ಕರಗಿಯೇ ಇರುವ ಈ ಗುಣದಿಂದ ಎರಡು ಪರಿಣಾಮಗಳಿವೆ. ಕೊರತೆಯಾದಾಗ ಗಿಡವು ಹಳೆಯ ಎಲೆಯಿಂದ ಪೊಟ್ಯಾಸಿಯಂ ತೆಗೆದು ಚಿಗುರಿಗೆ ಕಳುಹಿಸುತ್ತದೆ. ಕಟಾವಾದ ಮೇಲೆ ಒಣಹುಲ್ಲಿನ ಮೇಲೆ ಮಳೆ ಬಿದ್ದರೆ, ಹುಲ್ಲು ಕೊಳೆಯುವುದಕ್ಕೂ ಮೊದಲೇ ಪೊಟ್ಯಾಸಿಯಂ ತೊಳೆದು ಹೋಗುತ್ತದೆ.

ಎಲೆಯನ್ನು ಓದುವುದು

ಕೊರತೆಯನ್ನು ಹುಡುಕುವಾಗ ತುದಿಯ ಚಿಗುರನ್ನಲ್ಲ, ಬುಡದ ಎಲೆಯನ್ನು ಕೈಗೆ ತೆಗೆದುಕೊಳ್ಳಬೇಕು. ಮೊದಲು ಎಲೆಯ ತುದಿ ಹಳದಿಯಾಗುತ್ತದೆ; ಹಳದಿ ಬಣ್ಣ ಎರಡೂ ಅಂಚುಗಳ ಗುಂಟ ಬುಡದ ಕಡೆಗೆ ಇಳಿಯುತ್ತದೆ; ಅದರ ಬೆನ್ನಿಗೇ ಅಂಚು ಕಂದಾಗಿ, ಒಣಗಿ, ಬೆರಳಿನಿಂದ ಉಜ್ಜಿದರೆ ಪುಡಿಯಾಗುವಂತಾಗುತ್ತದೆ. ಆಗಲೂ ನಡುದಿಂಡು ಹಸಿರಾಗಿಯೇ ಇರುತ್ತದೆ. ಸಾರಜನಕದ ಕೊರತೆಯೂ ಬುಡದ ಎಲೆಯಲ್ಲೇ ಮೊದಲು ಕಾಣುವುದರಿಂದ ಗೊಂದಲವಾಗುವುದುಂಟು. ಮುಸುಕಿನ ಜೋಳದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದೆ: ಸಾರಜನಕ ಕಡಿಮೆಯಾದರೆ ಹಳದಿ ತುದಿಯಿಂದ ನಡುದಿಂಡಿನ ಉದ್ದಕ್ಕೂ ಒಳಗೆ ಸಾಗುತ್ತದೆ, ಪೊಟ್ಯಾಸಿಯಂ ಕಡಿಮೆಯಾದರೆ ಅಂಚನ್ನು ಹಿಡಿದು ಸಾಗುತ್ತದೆ. ಕುದುರೆ ಮೆಂತ್ಯದಂತಹ ದ್ವಿದಳ ಮೇವಿನ ಬೆಳೆಗಳಲ್ಲಿ ಅಂಚಿನ ಬಳಿ ಸಣ್ಣ ಬಿಳಿ ಚುಕ್ಕೆಗಳು ಏಳುತ್ತವೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೂ ಎಲೆಯ ಅಂಚು ಸುಟ್ಟಂತಾಗುವುದರಿಂದ ಎಲೆಯೊಂದನ್ನೇ ನಂಬಿ ಗೊಬ್ಬರ ಹಾಕುವುದು ಸರಿಯಲ್ಲ. ಉಪ್ಪಿನಿಂದ ನರಳುತ್ತಿರುವ ಹೊಲಕ್ಕೆ ಇನ್ನಷ್ಟು ಉಪ್ಪನ್ನು ಸುರಿದಂತಾದೀತು.

ಎಲೆಯಲ್ಲಿ ಲಕ್ಷಣ ಕಾಣುವಷ್ಟರಲ್ಲಿ ಇಳುವರಿ ಆಗಲೇ ಕುಸಿದಿರುತ್ತದೆ. ಲಕ್ಷಣವೇ ತೋರದ ಕೊರತೆಗೆ ಸುಳಿವು ಬೇರೆ ಕಡೆ ಇರುತ್ತದೆ: ಸಾಧಾರಣ ಗಾಳಿಗೂ ಪೈರು ಮಲಗುವುದು, ತೆನೆ ತುಂಬಿದಂತೆ ಕಂಡರೂ ಕಾಳು ಜೊಳ್ಳಾಗುವುದು, ಗೆಡ್ಡೆ ಹಾಗೂ ಹಣ್ಣುಗಳು ಸಣ್ಣದಾಗಿ ಉಳಿಯುವುದು.

ಮಣ್ಣು ಮತ್ತು ಅಂಕಿಗಳು

ಮಣ್ಣಿನಲ್ಲಿ ಪೊಟ್ಯಾಸಿಯಂ ಒಟ್ಟಾರೆ ಧಾರಾಳವಾಗಿದ್ದರೂ ಅದರಲ್ಲಿ ಶೇ. 90ಕ್ಕಿಂತ ಹೆಚ್ಚು ಭಾಗ ಫೆಲ್ಡ್‌ಸ್ಪಾರ್, ಅಭ್ರಕ ಮುಂತಾದ ಖನಿಜಗಳೊಳಗೆ ಬಂಧಿಯಾಗಿರುತ್ತದೆ. ಬೇರಿಗೆ ಕೂಡಲೇ ಸಿಗುವುದು ಶೇ. 1ರಿಂದ 2ರಷ್ಟು ಮಾತ್ರ. ಇವೆರಡರ ನಡುವೆ, ಇಲ್ಲೈಟ್ ಬಗೆಯ ಜೇಡಿಯ ಪದರಗಳ ಸಂದಿಯಲ್ಲಿ ಸಿಲುಕಿದ ಒಂದಿಷ್ಟು ಪೊಟ್ಯಾಸಿಯಂ ನಿಧಾನವಾಗಿ ಬಿಡುಗಡೆಯಾಗುತ್ತದೆ. ಕಯೊಲಿನೈಟ್ ಎಂಬ ಇನ್ನೊಂದು ಬಗೆಯ ಜೇಡಿ ಹೆಚ್ಚಿರುವ ಮಣ್ಣಿಗಾಗಲಿ ಮರಳು ಮಣ್ಣಿಗಾಗಲಿ ಈ ಹಿಡಿತ ಇಲ್ಲ. ಅಲ್ಲಿ ಒಮ್ಮೆಲೇ ಹಾಕಿದ ಗೊಬ್ಬರ ಮಳೆಯೊಂದಿಗೆ ಕೆಳಗಿಳಿಯುತ್ತದೆ.

ಪರೀಕ್ಷೆಗೆ ಮಣ್ಣು ತೆಗೆಯುವಾಗ ಒಂದೇ ಬಗೆಯ ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತಾ ಹತ್ತರಿಂದ ಹದಿನೈದು ಜಾಗಗಳಲ್ಲಿ 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಸಂಗ್ರಹಿಸಿ, ಬೆರೆಸಿ, ಸುಮಾರು ಅರ್ಧ ಕಿಲೋ ಉಳಿಸಿಕೊಳ್ಳಬೇಕು. ಬದುವಿನ ಪಕ್ಕ, ಮರದ ಬುಡ, ಹಳೆಯ ತಿಪ್ಪೆಯ ಜಾಗ, ದನ ಕಟ್ಟುತ್ತಿದ್ದ ಮೂಲೆ ಇವನ್ನು ಬಿಡಬೇಕು. ಪೊಟ್ಯಾಸಿಯಂ ವಿಷಯದಲ್ಲಿ ಕೊನೆಯದು ಬಹಳ ಮುಖ್ಯ, ಏಕೆಂದರೆ ದನದ ಮೂತ್ರ ಬಿದ್ದ ಒಂದೇ ಜಾಗದ ಮಣ್ಣು ಇಡೀ ಮಾದರಿಯ ಅಂಕಿಯನ್ನು ಏರಿಸಿಬಿಡಬಲ್ಲದು. ಪ್ರಯೋಗಾಲಯಗಳು ಸಾಮಾನ್ಯವಾಗಿ ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಬಿಡುಗಡೆಯಾಗುವ ಪೊಟ್ಯಾಸಿಯಂ ಅನ್ನು ಅಳೆಯುತ್ತವೆ. ಫಲಿತಾಂಶ ಪಿಪಿಎಂನಲ್ಲಿದ್ದರೆ (ಹತ್ತು ಲಕ್ಷ ಭಾಗ ಮಣ್ಣಿನಲ್ಲಿ ಎಷ್ಟು ಭಾಗ ಎಂಬ ಅಳತೆ) 2.24ರಿಂದ ಗುಣಿಸಿದಾಗ 15 ಸೆಂಟಿಮೀಟರ್ ಆಳಕ್ಕೆ ಹೆಕ್ಟೇರಿಗೆ ಎಷ್ಟು ಕಿಲೋ ಎಂಬುದು ಸುಮಾರಾಗಿ ಸಿಗುತ್ತದೆ.

ಅಂಕಿ ಓದುವಾಗ ಅದು ಬರಿಯ ಪೊಟ್ಯಾಸಿಯಂ ಧಾತುವಿನದೋ ಪೊಟ್ಯಾಸಿಯಂ ಆಕ್ಸೈಡಿನದೋ ಎಂದು ತಪ್ಪದೆ ನೋಡಿಕೊಳ್ಳಬೇಕು. ಗೊಬ್ಬರದ ಚೀಲದ ಮೇಲಿನ ಅಂಕಿ ಆಕ್ಸೈಡಿನದು. ಮೇವಿನ ಅಥವಾ ಎಲೆಯ ವಿಶ್ಲೇಷಣೆಯ ಅಂಕಿ ಧಾತುವಿನದು. ಧಾತುವನ್ನು 1.2ರಿಂದ ಗುಣಿಸಿದರೆ ಆಕ್ಸೈಡ್, ಆಕ್ಸೈಡನ್ನು 0.83ರಿಂದ ಗುಣಿಸಿದರೆ ಧಾತು. ಈ ಎರಡನ್ನು ಅದಲು ಬದಲು ಮಾಡಿದರೆ ಲೆಕ್ಕ ಐದನೆಯ ಒಂದು ಭಾಗದಷ್ಟು ತಪ್ಪುತ್ತದೆ.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಧಾನ್ಯದ ಬೆಳೆಗಳು ಹೀರಿದ ಪೊಟ್ಯಾಸಿಯಂನಲ್ಲಿ ಹೆಚ್ಚಿನ ಪಾಲು ಕಾಳಿಗೆ ಹೋಗದೆ ಹುಲ್ಲಿನಲ್ಲೇ ಉಳಿಯುತ್ತದೆ. ಹೆಕ್ಟೇರಿಗೆ 5 ಟನ್ ಭತ್ತದ ಹುಲ್ಲು ಬಂದಿದ್ದು, ಅದರಲ್ಲಿ ಶೇ. 1.5ರಷ್ಟು ಪೊಟ್ಯಾಸಿಯಂ ಇದೆಯೆಂದು ಇಟ್ಟುಕೊಂಡರೆ, ಹುಲ್ಲಿನೊಂದಿಗೆ ಹೊಲ ಬಿಡುವುದು 75 ಕಿಲೋ. ಆಕ್ಸೈಡ್ ಲೆಕ್ಕದಲ್ಲಿ ಅದು 90 ಕಿಲೋ, ಶೇ. 60ರಷ್ಟು ಆಕ್ಸೈಡ್ ಇರುವ, ಪೊಟ್ಯಾಸಿಯಂ ಕ್ಲೋರೈಡ್ ಗೊಬ್ಬರವಾದ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಹೇಳುವುದಾದರೆ 150 ಕಿಲೋ, ಅಂದರೆ 50 ಕಿಲೋದ ಮೂರು ಚೀಲ. ಹುಲ್ಲನ್ನು ಹೊರಗೆ ಮಾರುವವರು ಈ ಮೂರು ಚೀಲವನ್ನೂ ಅದರ ಜೊತೆ ಕೊಟ್ಟು ಕಳುಹಿಸುತ್ತಿದ್ದಾರೆ. ಹುಲ್ಲು ಸುಟ್ಟರೆ ಪೊಟ್ಯಾಸಿಯಂ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆಂಬುದು ನಿಜವೇ. ಆದರೆ ಸಾರಜನಕ ಹೊಗೆಯಾಗಿ ಹೋಗುತ್ತದೆ, ಬೂದಿಯನ್ನು ಗಾಳಿ ಮತ್ತು ನೀರು ತಮಗೆ ಬೇಕಾದಲ್ಲಿಗೆ ಒಯ್ಯುತ್ತವೆ. ಕೂಳೆಯನ್ನು ಎತ್ತರವಾಗಿ ಬಿಟ್ಟು ಕೊಯ್ಯುವುದು, ಬಣವೆಯನ್ನು ಪ್ರತಿ ವರ್ಷ ಹೊಲದ ಅದೇ ಮೂಲೆಯಲ್ಲಿ ಒಟ್ಟದಿರುವುದು ಇವು ಖರ್ಚಿಲ್ಲದ ಕ್ರಮಗಳು.

ಹುಲ್ಲು ದನಕ್ಕೆ ಹೋದರೆ ಲೆಕ್ಕ ಮುಗಿಯಲಿಲ್ಲ, ಕೊಟ್ಟಿಗೆಗೆ ವರ್ಗವಾಯಿತು. ಒಂದು ಲೀಟರ್ ಹಾಲಿನಲ್ಲಿ ಹೊರಹೋಗುವುದು ಸುಮಾರು 1.5 ಗ್ರಾಂ, 20 ಲೀಟರ್ ಕೊಡುವ ಹಸುವಾದರೂ ದಿನಕ್ಕೆ 30 ಗ್ರಾಂ. ತಿಂದ ಪೊಟ್ಯಾಸಿಯಂನಲ್ಲಿ ಉಳಿದದ್ದು ಬಹುತೇಕ ಹೊರಬರುತ್ತದೆ, ಅದೂ ಮುಖ್ಯವಾಗಿ ಸಗಣಿಯಲ್ಲಲ್ಲ, ಮೂತ್ರದಲ್ಲಿ. ಸಗಣಿಯನ್ನು ಜೋಪಾನ ಮಾಡಿ ಮೂತ್ರವನ್ನು ನೆಲಕ್ಕೆ ಇಂಗಲು ಬಿಡುವ ಕೊಟ್ಟಿಗೆಯು ಪೊಟ್ಯಾಸಿಯಂ ವಿಷಯದಲ್ಲಿ ತಳ ಒಡೆದ ಕೊಡವಿದ್ದಂತೆ. ನೆಲವನ್ನು ಗಟ್ಟಿ ಮಾಡಿ, ಇಳಿಜಾರಿನ ಕಾಲುವೆಯಿಂದ ಗುಂಡಿಗೆ ಹರಿಸಬೇಕು. ಅಷ್ಟಾಗದಿದ್ದರೆ ಒಣ ಎಲೆ ಅಥವಾ ಹುಲ್ಲಿನ ಹಾಸು ಹಾಕಿ, ನೆನೆದದ್ದನ್ನು ತಿಪ್ಪೆಗೆ ಸೇರಿಸಬೇಕು. ತಿಪ್ಪೆಗೆ ಮಾಡು ಬೇಕು. ಮಳೆ ಬಿದ್ದ ಮರುದಿನ ತಿಪ್ಪೆಯ ಬುಡದಿಂದ ಕಪ್ಪಗೆ ಹರಿಯುವ ನೀರನ್ನು ಒಮ್ಮೆ ಗಮನಿಸಿದರೆ ಸಾಕು, ಪೊಟ್ಯಾಸಿಯಂ ಎಲ್ಲಿಗೆ ಹೋಗುತ್ತಿದೆ ಎಂದು ಬೇರೆಯವರು ಹೇಳಬೇಕಾಗಿಲ್ಲ. ಗೊಬ್ಬರ ಕೊಳ್ಳುವ ಮೊದಲು ತಿಪ್ಪೆಗೆ ಮಾಡು ಹಾಕಿಸುವುದೇ ಲಾಭದ ಕೆಲಸವೆಂದು ನನ್ನ ಅಭಿಪ್ರಾಯ.

ಕೊಳ್ಳಬೇಕಾಗಿ ಬಂದರೆ

ಮಾರುಕಟ್ಟೆಯ ಪೊಟ್ಯಾಷ್ ಬಹುಪಾಲು ಒಣಗಿದ ಪ್ರಾಚೀನ ಸಮುದ್ರಗಳ ಉಪ್ಪಿನ ಪದರಗಳಿಂದ ಬರುತ್ತದೆ. ಜರ್ಮನಿಯ ಸ್ಟಾಸ್‌ಫರ್ಟ್‌ನಲ್ಲಿ 1861ರ ಸುಮಾರಿಗೆ ಆರಂಭವಾದ ಈ ಉದ್ಯಮದ ಮುಖ್ಯ ನೆಲೆಗಳು ಈಗ ಕೆನಡಾ, ರಷ್ಯಾ ಮತ್ತು ಬೆಲಾರೂಸ್. ಸಮುದ್ರದ ಉಪ್ಪಾದ್ದರಿಂದಲೇ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಕ್ಲೋರೈಡ್ ಕೂಡ ಇದೆ. ಹೆಚ್ಚಿನ ಧಾನ್ಯಗಳಿಗೆ ಅದರಿಂದ ತೊಂದರೆಯಿಲ್ಲ. ತಂಬಾಕಿನ ಎಲೆ ಸರಿಯಾಗಿ ಉರಿಯದಂತೆ ಅದು ಮಾಡುತ್ತದೆ, ಸ್ಟ್ರಾಬೆರಿಯಂತಹ ಹಣ್ಣಿನ ಬೆಳೆಗಳಿಗೂ ಉಪ್ಪು ಮಣ್ಣಿಗೂ ಅದು ಹೊಂದುವುದಿಲ್ಲ. ಅಂತಹ ಕಡೆ ಶೇ. 50 ಆಕ್ಸೈಡ್ ಜೊತೆಗೆ ಗಂಧಕವನ್ನೂ ಕೊಡುವ ಪೊಟ್ಯಾಸಿಯಂ ಸಲ್ಫೇಟ್ ಸರಿ. ಪೊಟ್ಯಾಸಿಯಂ ನೈಟ್ರೇಟ್ ಹನಿ ನೀರಾವರಿಗೂ ಸಿಂಪಡಣೆಗೂ ಒಗ್ಗುತ್ತದೆ. ಆದರೆ ಸಿಂಪಡಣೆಯಿಂದಲೇ ಬೆಳೆಯ ಅಗತ್ಯ ತೀರುತ್ತದೆಂದು ನಂಬಬಾರದು: ಹೆಕ್ಟೇರಿಗೆ 500 ಲೀಟರ್ ನೀರಿನಲ್ಲಿ ಶೇ. 1ರಂತೆ ಸಿಂಪಡಿಸಿದರೆ ಎಲೆಗೆ ತಲುಪಬಹುದಾದ ಪೊಟ್ಯಾಸಿಯಂ ಎರಡು ಕಿಲೋ ಕೂಡ ಆಗದು. ಸೌದೆಯ ಬೂದಿ ಒಳ್ಳೆಯದೇ, ಆದರೆ ಅದು ಕ್ಷಾರ. ಹುಳಿ ಮಣ್ಣಿಗೆ ಕೊಡಬಹುದು, ಕ್ಷಾರ ಮಣ್ಣಿಗೆ ಬೇಡ. ಹಸಿ ಗೊಬ್ಬರದ ಜೊತೆಗೋ ಅಮೋನಿಯಂ ಗೊಬ್ಬರದ ಜೊತೆಗೋ ಬೆರೆಸಿಟ್ಟರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಗೊಬ್ಬರ ಬೀಜಕ್ಕೆ ತಾಗಬಾರದು. ಸಾಲಿನಿಂದ ಸುಮಾರು 5 ಸೆಂಟಿಮೀಟರ್ ಪಕ್ಕಕ್ಕೆ, ಅಷ್ಟೇ ಕೆಳಗೆ ಬೀಳಬೇಕು. ಧಾನ್ಯದ ಬೆಳೆಗಳು ಹೂ ಬಿಡುವ ಹೊತ್ತಿಗೆ ತಮಗೆ ಬೇಕಾದ ಪೊಟ್ಯಾಸಿಯಂನ ಬಹುಪಾಲನ್ನು ಹೀರಿರುತ್ತವೆ, ಆದ್ದರಿಂದ ತಡವಾಗಿ ಕೊಟ್ಟ ಮೇಲುಗೊಬ್ಬರಕ್ಕೆ ಹೆಚ್ಚು ಅರ್ಥವಿಲ್ಲ. ಜೇಡಿಮಣ್ಣಿಗೆ ತಳಗೊಬ್ಬರವಾಗಿ ಒಮ್ಮೆ, ಮರಳು ಮಣ್ಣಿಗೆ ಎರಡು ಮೂರು ಕಂತುಗಳಲ್ಲಿ.

ದನದ ಮೈಯಲ್ಲಿ ಹೆಚ್ಚು ಕಡಿಮೆಯಾದಾಗ

ಪ್ರಾಣಿಯ ಮೈಯಲ್ಲಿ ಪೊಟ್ಯಾಸಿಯಂ ಬಹುತೇಕ ಪೂರ್ತಿಯಾಗಿ ಜೀವಕೋಶಗಳ ಒಳಗಿರುತ್ತದೆ, ಸೋಡಿಯಂ ಹೊರಗಿರುತ್ತದೆ. ಈ ವ್ಯತ್ಯಾಸದ ಬಲದಿಂದಲೇ ನರ, ಸ್ನಾಯು, ಹೃದಯ ಕೆಲಸ ಮಾಡುತ್ತವೆ. ಹಸಿರು ಮೇಯುವ ದನಕ್ಕೆ ಸಾಮಾನ್ಯವಾಗಿ ಕೊರತೆಯಾಗುವುದಿಲ್ಲ. ಧಾನ್ಯದಲ್ಲಿ ಪೊಟ್ಯಾಸಿಯಂ ಕಡಿಮೆಯಿರುವುದರಿಂದ, ಮೇವಿಗಿಂತ ಧಾನ್ಯವನ್ನೇ ಹೆಚ್ಚು ತಿನ್ನಿಸಿದಾಗ, ದೀರ್ಘ ಕಾಲ ಮೇವು ಬಿಟ್ಟಾಗ, ಭೇದಿಯಾದಾಗ ಮತ್ತು ಬೇಸಿಗೆಯ ತಾಪದಲ್ಲಿ ಕೊರತೆ ತಲೆದೋರುತ್ತದೆ. ಹಾಲು ಕೊಡುವ ಹಸುವಿನ ಒಣ ಆಹಾರದಲ್ಲಿ ಸುಮಾರು ಶೇ. 1ರಷ್ಟು ಸಾಕು, ಬೆವರಿನಲ್ಲಿ ಪೊಟ್ಯಾಸಿಯಂ ಹರಿದುಹೋಗುವ ಬಿಸಿಲುಗಾಲದಲ್ಲಿ ಶೇ. 1.5ರವರೆಗೆ ಬೇಕಾಗುತ್ತದೆ. ಮೇವು ತಿನ್ನುವುದು ಕುಗ್ಗುವುದು, ಹಾಲು ಇಳಿಯುವುದು, ನಿತ್ರಾಣ, ಸಿಕ್ಕಿದ್ದನ್ನೆಲ್ಲ ನೆಕ್ಕುವುದು ಇದರ ಲಕ್ಷಣಗಳು. ಭೇದಿಯಿಂದ ಸೊರಗಿದ ಕರುವಿಗೆ ಲವಣದ್ರಾವಣ ಕುಡಿಸಬಹುದು. ಪೊಟ್ಯಾಸಿಯಂ ಚುಚ್ಚುಮದ್ದನ್ನು ಮಾತ್ರ ಪಶುವೈದ್ಯರಲ್ಲದವರು ಮುಟ್ಟಲೇಬಾರದು. ಮೈಯಲ್ಲಿ ಒಟ್ಟು ಪೊಟ್ಯಾಸಿಯಂ ಬರಿದಾಗಿರುವಾಗಲೇ ಅಂತಹ ಕರುವಿನ ರಕ್ತದಲ್ಲಿ ಅದರ ಮಟ್ಟ ಏರಿರಬಹುದು, ಇನ್ನಷ್ಟು ಸೇರಿದರೆ ಹೃದಯ ನಿಲ್ಲಬಹುದು.

ಹೆಚ್ಚಾದರೆ ಆಗುವ ಹಾನಿ ಇನ್ನೂ ಗಮನಾರ್ಹ. ಹುಲ್ಲು ತನಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಪೊಟ್ಯಾಸಿಯಂ ಹೀರಿಟ್ಟುಕೊಳ್ಳಬಲ್ಲದು. ಇಳುವರಿ ಏರುವುದಿಲ್ಲ, ಮೇವಿನ ಗುಣ ಮಾತ್ರ ಬದಲಾಗುತ್ತದೆ. ಅಂತಹ ಮೇವು ಮೆಲುಕುಚೀಲದಲ್ಲಿ ಮೆಗ್ನೀಸಿಯಂ ಹೀರಿಕೆಯನ್ನು ತಡೆಯುತ್ತದೆ. ಚಳಿ ಅಥವಾ ಬರ ಕಳೆದು ಒಮ್ಮೆಲೇ ಚಿಗುರಿದ ಹುಲ್ಲನ್ನು ಮೇಯುವ ಹಾಲಿನ ಹಸುಗಳಲ್ಲಿ ಇದರಿಂದ ಮೈ ನಡುಕ, ತೂರಾಟ, ಸೆಳವು ಕಾಣಿಸಿಕೊಂಡು ಕೆಲವೇ ಗಂಟೆಗಳಲ್ಲಿ ಸಾವೂ ಸಂಭವಿಸುತ್ತದೆ. ಅಂಥ ಚಿಗುರಿಗೆ ಮುನ್ನ ಹುಲ್ಲುಗಾವಲಿಗೆ ಪೊಟ್ಯಾಷ್ ಹಾಕಬಾರದು, ಕೊಯ್ಲಿನ ನಂತರ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಅಪಾಯದ ವಾರಗಳಲ್ಲಿ ಮೆಗ್ನೀಸಿಯಂ ಪೂರಕ ಕೊಡಬೇಕು, ದ್ವಿದಳ ಮೇವನ್ನು ಬೆರೆಸಬೇಕು.

ಗಬ್ಬದ ಹಸುವಿಗೆ ಕರು ಹಾಕುವ ಮುಂಚಿನ ಮೂರು ವಾರ ಇನ್ನೊಂದು ಎಚ್ಚರಿಕೆ ಬೇಕು. ಪೊಟ್ಯಾಸಿಯಂ ಹೆಚ್ಚಿರುವ ಮೇವು ರಕ್ತವನ್ನು ಕ್ಷಾರದ ಕಡೆಗೆ ವಾಲಿಸುವುದರಿಂದ, ಮೂಳೆಯಿಂದ ಸುಣ್ಣದಂಶವನ್ನು ಬಿಡಿಸಿಕೊಡುವ ಹಾರ್ಮೋನಿಗೆ ಮೈ ಸರಿಯಾಗಿ ಓಗೊಡುವುದಿಲ್ಲ, ಹಾಲು ಇಳಿಯುತ್ತಿದ್ದಂತೆ ರಕ್ತದಲ್ಲಿ ಸುಣ್ಣದಂಶ ಕುಸಿದು ಹಾಲುಜ್ವರ ಬರುತ್ತದೆ. ಕೊಟ್ಟಿಗೆಗೆ ಹತ್ತಿರದ ಹೊಲಕ್ಕೇ ಸಗಣಿ ಮತ್ತು ಮೂತ್ರ ಹೆಚ್ಚು ಬೀಳುವುದು ಸಹಜ. ಅಲ್ಲಿನ ಹುಲ್ಲಿನಲ್ಲೇ ಪೊಟ್ಯಾಸಿಯಂ ಅತಿ ಹೆಚ್ಚು, ಮತ್ತು ಕೈಗೆ ಸುಲಭವಾಗಿ ಸಿಗುತ್ತದೆಂದು ಗಬ್ಬದ ಹಸುವಿಗೆ ಹಾಕುವುದೂ ಅದನ್ನೇ. ಅವುಗಳಿಗೆಂದು ದೂರದ ಒಂದು ತುಂಡು ಹೊಲವನ್ನು ಮೀಸಲಿಟ್ಟು, ಅಲ್ಲಿಗೆ ಕೊಟ್ಟಿಗೆಯ ನೀರು ಬಿಡದೆ, ಮುಸುಕಿನ ಜೋಳದ ಮೇವು ಬೆಳೆಯುವುದು ಒಳ್ಳೆಯ ಏರ್ಪಾಡು. ಆ ಮೇವಿನ ಒಣ ತೂಕದಲ್ಲಿ ಪೊಟ್ಯಾಸಿಯಂ ಶೇ. 2ಕ್ಕಿಂತ ಕೆಳಗಿದೆಯೇ ಎಂದು ಪರೀಕ್ಷಿಸಿ, ಮೂರು ವರ್ಷಕ್ಕೊಮ್ಮೆ ಎರಡೂ ಹೊಲಗಳ ಮಣ್ಣನ್ನು ಅದೇ ಋತುವಿನಲ್ಲಿ, ಅದೇ ಪ್ರಯೋಗಾಲಯದಲ್ಲಿ ಅಳೆಸಿ, ಅಂಕಿಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆದಿಡಬೇಕು.