ಕೋನ್ ಫಿಲ್ಟರ್ ಹಾಕಿಸಿದ ಮೇಲೆ ಪ್ಲಗ್ ಬಿಚ್ಚಿ ನೋಡಿ

ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಬೈಕಿಗೆ ಹೊರಗಿನ ಕೋನ್ ಏರ್ ಫಿಲ್ಟರ್ ಹಾಕಿಸಿದ್ದರೆ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ಸರಿ ಇದೆಯಾ ಅಂತ ಸ್ಪಾರ್ಕ್ ಪ್ಲಗ್ಗೇ ಹೇಳುತ್ತದೆ. ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಎಂಟತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ. ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಹಾಗೇ ಪಕ್ಕಕ್ಕೆ ನಿಲ್ಲಿಸಿ. ಐಡಲ್‌ನಲ್ಲಿ (ಎಕ್ಸಿಲರೇಟರ್ ಕೊಡದೆ ಎಂಜಿನ್ ಓಡುತ್ತಿರುವ ಸ್ಥಿತಿ) ಬಿಟ್ಟರೆ ಪ್ಲಗ್ಗಿನ ಬಣ್ಣ ಕೆಡುತ್ತದೆ. ತಣ್ಣಗಾದ ಮೇಲೆ ಬಿಚ್ಚಿ, ನಡುವಿನ ಪಿಂಗಾಣಿಯ ತುದಿ ನೋಡಿ. ತಿಳಿ ಕಂದು ಇದ್ದರೆ ಸರಿ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಹೊಸ ಫಿಲ್ಟರ್‌ನಲ್ಲಿ ಗಾಳಿಗೆ ತಡೆ ಕಮ್ಮಿ, ಹಾಗಾಗಿ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು) ಮೇಲಿನ ಎಳೆತವೂ ಕಮ್ಮಿಯಾಗುತ್ತದೆ. 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಎಂಬ ಲೆಕ್ಕ ತಪ್ಪಿ ಎಂಜಿನ್ ಜಾಸ್ತಿ ಬಿಸಿಯಾಗುತ್ತದೆ. ಆಗ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ. ಬರೀ ಏರ್ ಸ್ಕ್ರೂ ತಿರುಗಿಸಿ ಕಳಿಸುವ ಮೆಕ್ಯಾನಿಕ್ ಮಾತು ಕೇಳಬೇಡಿ, ಅದು ಐಡಲ್‌ನ ಆಸುಪಾಸಿನಲ್ಲಷ್ಟೇ ಕೆಲಸ ಮಾಡುತ್ತದೆ. ನಮ್ಮ ಬಳ್ಳಾರಿ ಬಿಸಿಲಲ್ಲಿ ಇನ್ನೊಂದು ವಿಷಯ ಇದೆ: ಬಿಸಿ ಗಾಳಿ ತೆಳು, ಹಾಗಾಗಿ ಮೇ ತಿಂಗಳಲ್ಲಿ ಸರಿ ಕಂಡ ಪ್ಲಗ್ ಡಿಸೆಂಬರ್ ಚಳಿಯಲ್ಲಿ ಬೆಳ್ಳಗಾಗಬಹುದು. ಆಗ ಮತ್ತೊಮ್ಮೆ ನೋಡಲೇಬೇಕು. ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಓಡಾಡುವವರು ಮೊದಲು ಫಿಲ್ಟರ್ ತೊಳೆದು ಒಣಗಿಸಿ. ಕೆಂಪು ದೂಳು ಕಟ್ಟಿಕೊಂಡಿದ್ದರೆ ಗಾಳಿ ಕಮ್ಮಿಯಾಗಿ, ಪ್ಲಗ್ ಕಪ್ಪಾಗಿ ದಾರಿ ತಪ್ಪಿಸುತ್ತದೆ. ಬಿಎಸ್6 ಫ್ಯೂಯಲ್ ಇಂಜೆಕ್ಷನ್ ಬೈಕಿಗೆ ಈ ಉಪಾಯ ಅಷ್ಟಾಗಿ ನಡೆಯಲ್ಲ. ಅಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಂದು ಮಿತಿಯವರೆಗೆ ತಾನೇ ಪೆಟ್ರೋಲ್ ಹೊಂದಿಸಿಕೊಳ್ಳುತ್ತದೆ.