ಟೆರೇಸ್ ಮೇಲಿಂದ ಎಳೆ ನಕ್ಷತ್ರದ ನೆರಳು ಹಿಡಿದೆ

ಹಬಲ್ ವೇರಿಯಬಲ್ ನೆಬ್ಯುಲಾ (ಎನ್‌ಜಿಸಿ 2261) ಅಂದರೆ ಎಳೆ ನಕ್ಷತ್ರವೊಂದರಿಂದ ಬೀಸಣಿಗೆಯಂತೆ ಹರಡಿದ ಧೂಳು, ಅನಿಲದ ಮೋಡ. ಅದರ ಮೇಲೆ ನೆರಳು ಸರಿಯೋದನ್ನ ಬೆಂಗಳೂರಿನ ಟೆರೇಸಿಂದ ಹಿಡಿಯೋಕಾಗಲ್ಲ ಅಂತ ಗೆಳೆಯರೆಲ್ಲ ಹೇಳಿದ್ದರು. ಮೂರನೇ ಚಳಿಗಾಲಕ್ಕೆ ಹಿಡಿದೆ.

ಮೊದಲ ವರ್ಷದ ದುಡ್ಡು ಫಿಲ್ಟರ್‌ಗೆ ಹೋಯಿತು. ಹದಿನೆಂಟು ಸಾವಿರವೋ ಏನೋ ಕೊಟ್ಟು ಡ್ಯುಯಲ್ ಬ್ಯಾಂಡ್ ತಂದೆ, ಹೊಳೆಯುವ ಅನಿಲದ ಬಣ್ಣಗಳನ್ನಷ್ಟೇ ಒಳಗೆ ಬಿಡುವಂಥದ್ದು. ಓರಿಯನ್ ನೆಬ್ಯುಲಾಗೆ ಚೆನ್ನಾಗಿತ್ತು. ಎನ್‌ಜಿಸಿ 2261ಕ್ಕೆ ಹಾಕಿದರೆ ಬೀಸಣಿಗೆಯೇ ಮಾಯ! ಅಲ್ಲಿ ಕಾಣೋದು ಬೀಸಣಿಗೆಯ ತುದಿಯಲ್ಲಿರುವ ಆ ಎಳೆ ನಕ್ಷತ್ರ, ಆರ್ ಮಾನ್, ಅದರಿಂದ ಹೊರಟು ಧೂಳಿಗೆ ತಾಗಿ ಬರುವ ಬೆಳಕು. ಫಿಲ್ಟರ್ ಅದನ್ನೇ ತಡೆಯುತ್ತಿತ್ತು. ಅರ್ಧ ಬೆಲೆಗೆ ಮಾರಿದೆ.

ಎರಡನೇ ವರ್ಷ ಐದೈದು ನಿಮಿಷದ ಎಕ್ಸ್‌ಪೋಷರ್. ಊರಿನ ದೀಪಕ್ಕೆ ಆಕಾಶವೆಲ್ಲ ಕಿತ್ತಳೆ. ತುದಿಯ ನಕ್ಷತ್ರ ಉಬ್ಬಿ ಪಕ್ಕದ್ದನ್ನೆಲ್ಲ ನುಂಗಿತ್ತು. ನನಗೆ ಬೇಕಿದ್ದದ್ದೇ ಆ ಪಕ್ಕದ ಜಾಗ.

ಈ ಸಲ ಅದೇ 8 ಇಂಚಿನ ನ್ಯೂಟೋನಿಯನ್ ದೂರದರ್ಶಕ, ಫಿಲ್ಟರ್ ಇಲ್ಲ, 10 ಸೆಕೆಂಡಿನ ಫ್ರೇಮುಗಳು. ರಾತ್ರಿಗೆ ಸುಮಾರು ಆರುನೂರು, ಅದರಲ್ಲಿ ಮೂರನೇ ಒಂದು ಪಾಲು ಬಿಸಾಕಿದೆ. ನೆಬ್ಯುಲಾ ಚಿಕ್ಕದು, ಆದರೆ ಗಟ್ಟಿ ಹೊಳಪು, ಹಾಗಾಗಿ ಇಷ್ಟು ಸಾಕು. ನಮ್ಮೂರಿಗೆ ಇನ್ನೊಂದು ಲಾಭ ಇದೆ. ಇದು ನೆತ್ತಿಯಿಂದ ನಾಲ್ಕೇ ಡಿಗ್ರಿ ಪಕ್ಕದಲ್ಲಿ ಹಾಯುತ್ತದೆ, ಅಡ್ಡ ಬರುವ ಗಾಳಿ ಕಡಿಮೆ. ಹಾಗೆ ಹಾಯುವ ಹೊತ್ತಿನ ಆಚೆ ಈಚೆ ಒಂದೊಂದು ಗಂಟೆ ಮಾತ್ರ ತೆಗೆದೆ. 

ನಡುವೆ ಆಸೆಗೆ ಬಿದ್ದು ಟಿ ಟೌರಿ ಅನ್ನೋ ಇನ್ನೊಂದು ಎಳೆ ನಕ್ಷತ್ರದ ಪಕ್ಕದ ನೆಬ್ಯುಲಾ ಎನ್‌ಜಿಸಿ 1555ಕ್ಕೂ ನಾಲ್ಕು ರಾತ್ರಿ ಕೊಟ್ಟೆ. ನಕ್ಷತ್ರ ಬಿಟ್ಟು ಏನೂ ಬರಲಿಲ್ಲ. ಅದಕ್ಕೆ ಊರು ಬಿಟ್ಟು ಹೋಗಲೇಬೇಕು. ಬೇಜಾರಾದಾಗೆಲ್ಲ ಅಮೆರಿಕದ ಹವ್ಯಾಸಿ ಜೇ ಮ್ಯಾಕ್ನೀಲ್ ನೆನಪಾಗುತ್ತಿದ್ದರು. 2004ರಲ್ಲಿ ಕೆಂಟಕಿಯ ತಮ್ಮ ಹಿತ್ತಲಿಂದ, 3 ಇಂಚಿನ ದೂರದರ್ಶಕದಲ್ಲಿ, ಓರಿಯನ್‌ನಲ್ಲಿರುವ ಎಂ78 ನೆಬ್ಯುಲಾದ ಹತ್ತಿರ ಹೊಸ ನೆಬ್ಯುಲಾವನ್ನೇ ಹಿಡಿದವರು. ಅದರೊಳಗೂ ಇಂಥದೇ ಎಳೆ ನಕ್ಷತ್ರ.

ಜನವರಿ ಚಿತ್ರದಲ್ಲಿ ಬೀಸಣಿಗೆಯ ಒಂದು ಅಂಚಿಗೆ ಕೂದಲೆಳೆಯಂಥ ಕಪ್ಪು ಗೀರು. ಫೆಬ್ರವರಿ ಕೊನೆಗೆ ಅದು ನಡುವಿಗೆ ಜರುಗಿತ್ತು. ಸೆನ್ಸರ್ ಮೇಲಿನ ಧೂಳಿರಬೇಕು ಅಂತ ಹೆದರಿ, ಮರುರಾತ್ರಿ ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಮತ್ತೆ ತೆಗೆದೆ. ಗೀರು ನೆಬ್ಯುಲಾದ ಜೊತೆಗೇ ತಿರುಗಿತು. ಸುಮಾರು 2,500 ಜ್ಯೋತಿರ್ವರ್ಷ ದೂರದಲ್ಲಿ, ಇನ್ನೂ ಅನಿಲ ಎಳೆದುಕೊಂಡು ಬೆಳೆಯುತ್ತಿರುವ ನಕ್ಷತ್ರದ ಮುಂದೆ ಧೂಳಿನ ಗಂಟೊಂದು ಹಾದುಹೋಗುತ್ತಿದೆ. ಅದರ ನೆರಳು ನನ್ನ ಲ್ಯಾಪ್‌ಟಾಪಲ್ಲಿ! ರಾತ್ರಿ ಎರಡಕ್ಕೆ ಕೆಳಗಿಳಿದು ಅಮ್ಮನನ್ನು ಎಬ್ಬಿಸಿ, ಏನೂ ಹೇಳದೆ ಎರಡು ಚಿತ್ರ ಮುಂದಿಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಬೆರಳಿಟ್ಟಿದ್ದು ಆ ಗೀರಿನ ಮೇಲೇ.